ಇಯೋ‘ಸೀನೋ’ಫಿಲ್

ನಮ್ಮ ಅತ್ತೆ ಕಣ್ಣಮ್ಮಾಳ್ ತಮಿಳುನಾಡಿನ ವೇದಸಂದೂರಿನಿಂದ ನಮ್ಮೂರು ಕಂಬಂಗೆ ಬಂದಿಳಿದರೆ ನಮ್ಮ ಮನೆ ದೇವಲೋಕವಾಗುತ್ತದೆ. ಅಂದರೆ, ನೆಲ ಕಾಣುವುದಿಲ್ಲ, ಬರೀ ಮೋಡ. ಹೊತ್ತು ಹುಟ್ಟಿದರೆ ಸಾಂಬ್ರಾಣಿ ಹೊಗೆ, ಹೊತ್ತು ಮುಳುಗಿದರೆ ಸಾಂಬ್ರಾಣಿ ಹೊಗೆ. ನಡುವಿನ ಹೊತ್ತೆಲ್ಲ ನನ್ನ ಸೀನು. ನಿಲ್ಲಿಸಿ ಎನ್ನುವ ಹಾಗಿಲ್ಲ. ಆಕೆ ಹೆಂಡತಿಯ ತಾಯಿ ಮಾತ್ರವಲ್ಲ, ನನ್ನ ಅಪ್ಪನ ಸ್ವಂತ ಅಕ್ಕ. ನನ್ನನ್ನು ಎತ್ತಿ ಆಡಿಸಿದವರು (ಈಗಲೂ ಆಡಿಸುತ್ತಿದ್ದಾರೆ).

ಕೊನೆಗೆ ವಿಜ್ಞಾನದ ಮೊರೆ ಹೋದೆ. ಡಾಕ್ಟರು ಡಿಫರೆನ್ಷಿಯಲ್ ಕೌಂಟ್ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ರಕ್ತದ ಬಿಳಿ ಕಣಗಳಲ್ಲಿ ಐದು ಬಗೆಯಂತೆ. ನೂರು ಕಣ ಎಣಿಸಿದರೆ ಯಾವ ಬಗೆಯವು ಎಷ್ಟು ಎಂಬುದೇ ಈ ಲೆಕ್ಕವಂತೆ. ರಿಪೋರ್ಟು ಕೈಗೆ ಬಂದದ್ದೇ ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಇದು ಚುನಾವಣೆ! ನ್ಯೂಟ್ರೋಫಿಲ್‌ಗೆ ಬಹುಮತ. ಲಿಂಫೋಸೈಟ್ ವಿರೋಧ ಪಕ್ಷ. ಬೇಸೋಫಿಲ್ ಸೊನ್ನೆ, ಪಾಪ, ಠೇವಣಿಯೂ ಹೋಯಿತು. ಆದರೆ ಆರು ದಾಟಬಾರದ ಇಯೋಸಿನೋಫಿಲ್ ಹದಿನಾಲ್ಕು! ಅಲರ್ಜಿಯಾದರೆ ಇದೇ ಏರುವುದಂತೆ. ಹೆಸರಿನಲ್ಲೇ ಸೀನು ಇಟ್ಟುಕೊಂಡಿರುವ ಕಣ ಸುಳ್ಳು ಹೇಳೀತೇ?

“ನೋಡೇ ಮಣಿ! ಇಯೋ-ಸೀನೋ-ಫಿಲ್, ಹದ್ನಾಲ್ಕು!” ಎಂದು ಹೆಂಡತಿ ಮಣಿಮೇಗಲೈ ಮುಂದೆ ಹಾಳೆ ಬೀಸಿದೆ.

“ಸೀನಕ್ಕೂ ಮಾರ್ಕು ಹಾಕ್ತಾರಾ ಮಾಮ?”

“ಅಲರ್ಜಿ ಕಣೇ! ಒಂದೋ ಹೊಗೆ ನಿಲ್ಲಬೇಕು, ಇಲ್ಲ ಅತ್ತೆ ಊರ್ಗೆ ಹೊರಡ್ಬೇಕು.”

“ಸರಿ. ಅದ ನೀವೇ ನಮ್ಮವ್ವುನ್ ತಾವ ಹೇಳಿ.”

ಅಷ್ಟು ಧೈರ್ಯವಿದ್ದಿದ್ದರೆ ರಕ್ತ ಯಾಕೆ ಕೊಡುತ್ತಿದ್ದೆ? ಡಾಕ್ಟರ ಬಾಯಿಂದಲೇ ತೀರ್ಪು ಹೇಳಿಸೋಣವೆಂದು ತಾಯಿ ಮಗಳಿಬ್ಬರನ್ನೂ ಷೇರ್ ಆಟೋಗೆ ಹತ್ತಿಸಿದೆ.

ಡಾಕ್ಟರು ರಿಪೋರ್ಟು ನೋಡಿ, “ತೋಟದಲ್ಲಿ ಬರಿಗಾಲಲ್ಲಿ ಓಡಾಡ್ತೀರಾ?” ಎಂದು ತಮಿಳಿನಲ್ಲಿ ಕೇಳಿದರು.

“ಹುಟ್ಟಿದಾಗಿನಿಂದ!” ಎಂದೆ ಎದೆಯುಬ್ಬಿಸಿ. ದ್ರಾಕ್ಷಿ ಬೆಳೆಯುವವನ ಗತ್ತು ಇರಬೇಕಲ್ಲ.

“ಹಾಗಾದ್ರೆ ಹೊಟ್ಟೇಲಿ ಹುಳ ಇರಬಹುದು. ಇಯೋಸಿನೋಫಿಲ್ ಅದಕ್ಕೂ ಏರುತ್ತೆ. ಮಲ ಪರೀಕ್ಷೆ ಮಾಡಿಸಿ. ಹೊಗೆಯಿಂದಲೂ ಸ್ವಲ್ಪ...”

“ಹುಳವಾ! ಚಿಕ್ಕೋನಾಗಿದ್ದಾಗಲೇ ಇವನು ಮಣ್ಣು ತಿಂತಿದ್ದ ಡಾಕ್ಟ್ರೇ!” ಅತ್ತೆ ಇದನ್ನು ಮನೆಯ ಕನ್ನಡದಲ್ಲಿ ಹೇಳಿದ್ದರೆ ಮಾನವಾದರೂ ಉಳಿಯುತ್ತಿತ್ತು. ಶುದ್ಧ ತಮಿಳಿನಲ್ಲಿ ಹೇಳಿದರು, ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದ ಕಂಬಂನ ಸಮಸ್ತ ಮಹಾಜನತೆಗೂ ಕೇಳುವಂತೆ. ಹೊಗೆಯ ಬಗ್ಗೆ ಡಾಕ್ಟರು ಹೇಳಹೊರಟ ಅಮೂಲ್ಯ ಮಾತು ಬೆಂಚಿನವರ ನಗೆಯಲ್ಲಿ ಮುಳುಗಿಹೋಯಿತು.

ಮನೆಗೆ ಬಂದದ್ದೇ ಅತ್ತೆ ಸೆರಗು ಸಿಕ್ಕಿಸಿದರು. “ನಾಳಿಕ್ಕೆ ಊರ್ಗೋಗಾನ ಅಂತಿದ್ದೆ ಕಣೋ ಮುರುಗಾ. ಇನ್ನೆಲ್ಲಿ? ನಿನ್ ಕೌಂಟು ಇಳಿಯಗಂಟ ನಾ ಇಲ್ಲೇ ಇರ್ತೀನಿ.”

ನನಗೆ ನಿಜವಾಗಿಯೂ ಅಳು ಬಂತು. ಅದನ್ನು ಆನಂದಬಾಷ್ಪವೆಂದುಕೊಂಡು ಅತ್ತೆ ನನ್ನ ತಲೆ ಸವರಿದರು. ಆಮೇಲೆ ಬೇವಿನ ಚಿಗುರು ಅರೆದು ಉಂಡೆ ಕಟ್ಟಿ ಬಾಯಿಗೆ ತುರುಕಿದರು. ಹುಳಕ್ಕೆ ಹೊಗೆ ಕಂಡರಾಗುವುದಿಲ್ಲವೆಂಬ ಹೊಸ ಸಿದ್ಧಾಂತವನ್ನು ಮಂಡಿಸಿ, ಸಾಂಬ್ರಾಣಿಯನ್ನು ಮುಷ್ಟಿಗಟ್ಟಲೆ ಕೆಂಡಕ್ಕೆ ಸುರಿದು ನನ್ನ ಮೂಗಿನ ಕೆಳಗೇ ಹಿಡಿದರು.

ಮನೆಯ ಹೆಂಚು ಹಾರುವಂತೆ ಸೀನಿದೆ.

“ಅಡಡಾ! ಹದ್ನಾಲ್ಕರಾಗೆ ಒಂದು ಹೋತು!” ಅತ್ತೆ ಒಂದು ಬೆರಳು ಮಡಚಿದರು.

ಹೊಗೆಯೊಳಗೆಲ್ಲಿಂದಲೋ ಹೆಂಡತಿಯ ದನಿ ಬಂತು: “ಇನ್ನೂ ಜೋರಾಗಿ ಸೀನಿ ಮಾಮ, ಅವ್ವ ಎಣಿಸ್ತಾವ್ರೆ!”