ಸೋಡಾ ಕಾರ್ಖಾನೆಯಲ್ಲಿ ಸಾಂತ್ವನ ಯಂತ್ರ

ಮೇಸ್ತ್ರಿ ನಂಜಪ್ಪಣ್ಣ ದೂರದ ಮಗಳ ಊರಿನಲ್ಲಿ ಶಿವನ ಪಾದ ಸೇರಿದರೆಂಬ ಸುದ್ದಿ ಅರಸೀಕೆರೆಯ ಗೋಲಿ ಸೋಡಾ ಕಾರ್ಖಾನೆಗೆ ಬಂದದ್ದು ಬೆಳಗ್ಗೆ, ಕೆಲಸ ಶುರುವಾಗುವ ಹೊತ್ತಿಗೆ. ಅಳಲಿಕ್ಕೂ ಪುರುಸೊತ್ತಿರಲಿಲ್ಲ. ಸಂಜೆ ಮದುವೆ ಮನೆಯ ಗಾಡಿ ಬರುವುದಿತ್ತು.

ಸಾಹುಕಾರ ಚೆನ್ನವೀರಯ್ಯನವರು ಬಾಟಲಿ ತೊಳೆಯುತ್ತಿದ್ದ ತುಂಗಮ್ಮನನ್ನು ಕರೆದರು.

"ಇವತ್ತಿಂದ ನೀನೇ ಮೇಸ್ತ್ರಿ ಕಣಮ್ಮ. ಗಾಡಿ ಬರೋ ಹೊತ್ತಿಗೆ ಸೋಡಾ ಸಿದ್ಧವಾಗಿರ್ಬೇಕು. ಇಲ್ದಿದ್ರೆ ನಾಳೆ ಮತ್ತೆ ಬಾಟಲಿ ತೊಳೆಯೋ ತೊಟ್ಟಿ ಹತ್ರ!"

ತುಂಗಮ್ಮ ಸುತ್ತ ನೋಡಿದಳು. ಜೊತೆಯವರ ಮುಖವೆಲ್ಲ ಬಾಡಿದೆ, ಕೈ ಓಡುತ್ತಿಲ್ಲ. ಅವರಿಗೆ ಏನು ಹೇಳಬೇಕು?

ಮಧ್ಯಾಹ್ನದ ಹೊತ್ತಿಗೆ, ಸುದ್ದಿ ತಿಳಿದು, ಅವಳ ಅಕ್ಕನ ಗಂಡ, ರೇಡಿಯೋ ರಿಪೇರಿಯ ರುದ್ರಪ್ಪ, ಒಂದು ಯಂತ್ರವನ್ನು ತಳ್ಳಿಕೊಂಡು ಬಂದೇ ಬಿಟ್ಟ. ಕಿವಿಯ ಜಾಗದಲ್ಲಿ ದೊಡ್ಡ ಕೊಳವೆ, ಎರಡು ರಬ್ಬರ್ ಕೈ, ಕಾಲಿಗೆ ಗಾಲಿ!

"ಏನ್ ಭಾವ ಇದು?"

"ಸಾಂತ್ವನ ಯಂತ್ರ! ಯಾರು ನಿಟ್ಟುಸಿರು ಬಿಟ್ರೂ ಇದಕ್ಕೆ ಕೇಳಿಸುತ್ತೆ. ಹೋಗಿ ತಲೆ ತಟ್ಟಿ ಸಮಾಧಾನ ಹೇಳುತ್ತೆ. ಹೊಸ ಮೇಸ್ತ್ರಿ ನೀನು, ನೋಡಿ ಕಲಿ!"

"ಕಳೆದ ಸಲ ನಿಮ್ಮ ಯಂತ್ರ ಅಕ್ಕನ ಸೀರೆ ನುಂಗಿತ್ತಲ್ಲ?"

"ಅದು ಒಗೆಯೋ ಯಂತ್ರ. ಇದಕ್ಕೆ ಹೊಟ್ಟೆನೇ ಇಲ್ಲ ಕಣೇ!"

ಗ್ಯಾಸು ತುಂಬುವ ಹೊನ್ನಕ್ಕ ಒಂದು ನಿಟ್ಟುಸಿರು ಬಿಟ್ಟಳು. ಯಂತ್ರ ಗಡಗಡನೆ ಉರುಳಿ ಹೋಗಿ ಅವಳ ತಲೆ ತಟ್ಟಿತು. "ಚಿಂತೆ ಬೇಡ. ನೀವು ಚೆನ್ನಾಗಿ ಕೆಲಸ ಮಾಡ್ತಿದ್ದೀರಿ!"

"ಅಯ್ಯೋ, ನನ್ನ ಗಂಡನೂ ಇಷ್ಟು ಹೇಳಿಲ್ಲವಲ್ಲೇ!" ಎಂದು ಹೊನ್ನಕ್ಕ ನಾಚಿದಳು. ರುದ್ರಪ್ಪ ಮೀಸೆ ತಿರುವಿದ.

ಆಗಲೇ ಮೂಲೆಯಲ್ಲಿದ್ದ ಒಂದು ಬಾಟಲಿಯ ಗ್ಯಾಸು ಸೋರಿತು. ಸ್ಸ್‌ಸ್!

ಯಂತ್ರದ ಕಿವಿ ಅತ್ತ ತಿರುಗಿತು. ಹೋಗಿ ಬಾಟಲಿಯ ತಲೆ ತಟ್ಟಿತು. ಗೋಲಿ ಸೋಡಾದ ತಲೆ ತಟ್ಟಿದರೆ ಏನಾಗುತ್ತದೆಂದು ಊರಿಗೇ ಗೊತ್ತು. ರುದ್ರಪ್ಪನ ಯಂತ್ರಕ್ಕೆ ಗೊತ್ತಿಲ್ಲ. ಟಪ್! ಗೋಲಿ ಒಳಗಿಳಿಯಿತು, ಸೋಡಾ ಚಿಮ್ಮಿತು, ಇನ್ನೂ ದೊಡ್ಡ ಸ್ಸ್‌ಸ್! ಆ ಸದ್ದಿಗೆ ಪಕ್ಕದ ಬಾಟಲಿಗೂ ಸಾಂತ್ವನ. ಟಪ್! ಅದರ ಪಕ್ಕದ್ದಕ್ಕೂ. ಟಪ್! ಟಪ್! "ಚಿಂತೆ ಬೇಡ! ಚಿಂತೆ ಬೇಡ!"

"ನಿಲ್ಲಿಸಿ ಭಾವ!"

"ನಿಲ್ಲಿಸೋ ಗುಂಡಿ ಇಟ್ಟಿಲ್ಲ! ಸಮಾಧಾನ ಮಧ್ಯಕ್ಕೆ ನಿಲ್ಲಬಾರ್ದು ಅಂತ!"

ಸೂರಿನವರೆಗೂ ಸೋಡಾ! ರುದ್ರಪ್ಪನ ಮೀಸೆಯಲ್ಲಿ ನೊರೆ! ಬೆಳಗಿನಿಂದ ತುಂಬಿದ್ದೆಲ್ಲ ಖಾಲಿ. ಕೊನೆಗೆ ಸೋಡಾ ನುಗ್ಗಿ ಯಂತ್ರದ ಮೈಯೊಳಗೇ ಏನೋ ಬುಸುಗುಟ್ಟಿತು. ಅದು ತಡೆದು ನಿಂತಿತು, ಆಲಿಸಿತು, ಎರಡೂ ಕೈಯೆತ್ತಿ ತನ್ನ ತಲೆಯನ್ನೇ ತಟ್ಟಿಕೊಳ್ಳತೊಡಗಿತು. "ನೀವು ಚೆನ್ನಾಗಿ ಕೆಲಸ ಮಾಡ್ತಿದ್ದೀರಿ!" ಎನ್ನುತ್ತಲೇ ಹೊಗೆ ಬಿಟ್ಟು ತಣ್ಣಗಾಯಿತು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಹೊನ್ನಕ್ಕನಿಗೆ ಅಳು ಬಂತು. "ನಂಜಪ್ಪಣ್ಣ ಇದನ್ನ ನೋಡ್ಬೇಕಿತ್ತು ಕಣೇ..."

ತುಂಗಮ್ಮನಿಗೆ ಏನು ಹೇಳಬೇಕೆಂದು ಆಗ ತಿಳಿಯಿತು. ಅವಳೂ ನೆಲದ ಮೇಲೆ ಕುಳಿತಳು. "ಎಲ್ಲರೂ ಕೂತ್ಕೊಳ್ರಿ. ಬಾಟಲಿ ತಳದಲ್ಲಿ ಉಳಿದಿರೋದನ್ನ ಅಣ್ಣನ ಹೆಸರು ಹೇಳಿ ಕುಡಿಯೋಣ. ಅಳೋರು ಅತ್ತುಬಿಡಿ. ಆಮೇಲೆ ತುಂಬೋಣ. ನಾನೂ ತೊಳೀತೀನಿ."

ಮನಸ್ಸು ಹಗುರಾದ ಮೇಲೆ ಕೈಗಳು ಹಾರಿದವು. ಗಾಡಿ ಬಂದು ನಿಂತಾಗ ಹೊನ್ನಕ್ಕ ಕೊನೆಯ ಬಾಟಲಿ ತುಂಬುತ್ತಿದ್ದಳು.

ಸಾಹುಕಾರರು ಒದ್ದೆ ಸೂರನ್ನೂ ತುಂಬಿದ ಗಾಡಿಯನ್ನೂ ನೋಡಿದರು. "ನಾಳೆನೂ ನೀನೇ ಮೇಸ್ತ್ರಿ. ನಿನ್ನ ಭಾವ ಮಾತ್ರ ಬಾಗಿಲಾಚೆ."

ತುಂಗಮ್ಮ ಕಣ್ಣು ಮುಚ್ಚಿ ಕೈಮುಗಿದಳು.

"ಶಿವನೇ, ನಂಜಪ್ಪಣ್ಣನ ಆತ್ಮಕ್ಕೆ ಶಾಂತಿ ಕೊಡಪ್ಪ. ನೀನೇ ಕೊಡು. ನಮ್ಮ ಭಾವ ಯಂತ್ರ ಕಳಿಸ್ತೀನಿ ಅಂದ್ರೆ ಒಪ್ಪಬೇಡ."