ಕೆಡದ ಪೆಟ್ಟಿಗೆಯ ರಿಪೇರಿ

ಕರೆಂಟು ಹೋದಾಗ ಮನುಷ್ಯ ಮೊದಲು ಮಾಡುವ ಕೆಲಸ ಮೇಣದಬತ್ತಿ ಹುಡುಕುವುದಲ್ಲ, ಪಕ್ಕದ ಮನೆಯತ್ತ ನೋಡುವುದು. ಅಲ್ಲೂ ಕತ್ತಲಿದ್ದರೆ ಎಂಥದೋ ಸಮಾಧಾನ. ಅಲ್ಲಿ ಬೆಳಕಿದ್ದು ನಮ್ಮಲ್ಲಿ ಇಲ್ಲದಿದ್ದರೆ ಅದು ಅನ್ಯಾಯ. ಇಡೀ ಬೀದಿ ಕತ್ತಲಲ್ಲಿದ್ದು ನಮ್ಮ ಮನೆಯೊಂದೇ ಬೆಳಗುತ್ತಿದ್ದರೆ ಆಗುವುದಕ್ಕೆ ನನಗೆ ಮರ್ಯಾದೆಯ ಹೆಸರು ಇನ್ನೂ ಸಿಕ್ಕಿಲ್ಲ. ಆ ಹೆಸರಿಲ್ಲದ ಸುಖಕ್ಕಾಗಿ ನಾನು ಒಂದು ಬ್ಯಾಟರಿ ಪೆಟ್ಟಿಗೆ ಕೊಂಡೆ. ಕೊಳ್ಳುವಾಗ ಹೇಳಿದ ಕಾರಣ ಬೇರೆ. ಹೆಂಡತಿಯ ಉಬ್ಬಸ.

ಉಬ್ಬಸ ಸುಳ್ಳಲ್ಲ. ಶ್ರೀನಿವಾಸಪುರದ ಸುತ್ತಮುತ್ತ ರಾಗಿ ಕೊಯ್ಲಾದ ಮೇಲೆ ತೆನೆಯನ್ನು ತಂದು ಟಾರು ರಸ್ತೆಗೆ ಹರಡುತ್ತಾರೆ. ಬಸ್ಸು, ಲಾರಿ, ಶಾಲೆಗೆ ಹೋಗುವ ನನ್ನ ಸ್ಕೂಟರು, ಎಲ್ಲವೂ ಪುಕ್ಕಟೆಯಾಗಿ ರಾಗಿ ಬಡಿದುಕೊಡುತ್ತವೆ. ಕಾಳು ರೈತರಿಗೆ, ಹೊಟ್ಟಿನ ಧೂಳು ನನ್ನ ಹೆಂಡತಿ ಸರಸಳ ಎದೆಗೆ. ಗೌನಿಪಲ್ಲಿಯ ಮಾವಿನ ತೋಪಿನಲ್ಲಿ ಹುಟ್ಟಿ ಬೆಳೆದ ಅವಳಿಗೆ ಇಲ್ಲಿಗೆ ಬಂದ ಮೇಲೆ ಹತ್ತಿದ ಕಾಯಿಲೆ ಅದು. (ನನ್ನನ್ನು ಮದುವೆಯಾದ ಮೇಲೆ ಎಂದು ಅವಳ ಅಣ್ಣ ತಿದ್ದುತ್ತಾನೆ.) ಉಸಿರು ಕಟ್ಟಿದಾಗ ಮೂಗು ಬಾಯಿಗೆ ಮುಚ್ಚಳ ಕಟ್ಟಿಕೊಂಡು, ಔಷಧಿಯನ್ನು ಹಬೆ ಮಾಡಿ ಒಳಗೆ ಕಳಿಸುವ ನೆಬ್ಯುಲೈಸರ್ ಎಂಬ ಯಂತ್ರ ಅವಳಿಗೆ ಬೇಕು. ಯಂತ್ರಕ್ಕೆ ಕರೆಂಟು ಬೇಕು. ಕರೆಂಟಿಗೆ ಮಾತ್ರ ಏನೂ ಬೇಡ, ತನಗೆ ತೋಚಿದಾಗ ಬರುತ್ತದೆ, ಹೋಗುತ್ತದೆ.

ಪೆಟ್ಟಿಗೆ ಬಂತು. ಮೇಲೊಂದು ಹಿಡಿ, ಮುಂದೆ ಎರಡು ಪ್ಲಗ್ಗಿನ ತೂತು, ಎಷ್ಟು ಪರ್ಸೆಂಟ್ ಉಳಿದಿದೆ ಎಂದು ತೋರಿಸುವ ಪುಟ್ಟ ಪರದೆ. ವಾರದೊಳಗೆ ಬೀದಿಯಲ್ಲಿ ನನ್ನ ಹೆಸರು ಕರೆಂಟ್ ಮೇಷ್ಟ್ರು ಎಂದಾಯಿತು. ಬೆಳಕು ಹೋದರೆ ಸಾಕು, ಜನ ಫೋನು ಹಿಡಿದು ಬರುತ್ತಿದ್ದರು. ನಾನು ಕರ್ಣನ ಠೀವಿಯಲ್ಲಿ ಚಾರ್ಜು ದಾನ ಮಾಡುತ್ತಿದ್ದೆ. ಸರಸಳಿಗೆ ಇದು ಸರಿಬರಲಿಲ್ಲ.

"ದೀಪ ಹಚ್ಚಿದ್ಮೇಲೆ ಉಪ್ಪು ಕೊಡಲ್ಲ, ಮೊಸರು ಕೊಡಲ್ಲ. ಇದನ್ ಮಾತ್ರ ಕೊಡ್ಬೋದಾ? ನಂಗೇನಾದ್ರೂ ಆದ್ರೆ?"

"ಇನ್ನೂ ನಲವತ್ತು ಪರ್ಸೆಂಟ್ ಇದೆ ಕಣೇ."

"ನಿಮಗೆ ನಲವತ್ತಿದೆ. ನಂಗೆಷ್ಟಿದೆ ಅಂತ ಯಾವ ಪರದೇಲಿ ನೋಡ್ತೀರಿ?"

ಆ ಮಾತನ್ನು ಅವಳು ಹೀಗೆಯೇ ಆಡಿದಳೇ ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ನೆನಪು ನನ್ನಂಥ ಮೇಷ್ಟ್ರೇ, ಉತ್ತರ ಪತ್ರಿಕೆ ತಿದ್ದುವಾಗ ತನಗೆ ಬೇಕಾದವರಿಗೆ ಒಂದಂಕ ಸೇರಿಸಿಬಿಡುತ್ತದೆ. ಮುಂದಿನದನ್ನು ಅಂಕ ಸೇರಿಸದೆ ಬರೆಯಲು ನೋಡುತ್ತೇನೆ.

ಒಂದು ಶುಕ್ರವಾರ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ನಂಜುಂಡಪ್ಪ ಸ್ಟಾಫ್ ರೂಮಿನಲ್ಲಿ ಘೋಷಿಸಿದರು: "ನಾಳೆ ಕೋಲಾರದ ಬೆಟ್ಟದ ಮೇಲೆ ಟೆಂಟ್ ಹಾಕ್ತೀವಿ. ಸಾರ್, ನಿಮ್ ಪೆಟ್ಟಿಗೆ ಬರ್ಲೇಬೇಕು. ಅದರ ಜೊತೆಗೆ ಬೇಕಾದ್ರೆ ನೀವೂ ಬನ್ನಿ." ಎಲ್ಲರೂ ನಕ್ಕರು, ನಾನೂ ನಕ್ಕೆ. ಹದಿನೆಂಟು ವರ್ಷದ ನೌಕರಿಯಲ್ಲಿ ನನ್ನನ್ನು ಯಾರಾದರೂ ಎಲ್ಲಿಗಾದರೂ ಕರೆದದ್ದು ಅದೇ ಮೊದಲು.

ಶನಿವಾರ ಅರ್ಧ ದಿನದ ಶಾಲೆ. ಮನೆಗೆ ಬಂದು, ಮಂಚದ ಕೆಳಗಿದ್ದ ಪೆಟ್ಟಿಗೆಯನ್ನು ಸರಸಳಿಗೆ ಹೇಳಿ ತೆಗೆದುಕೊಂಡು ಹೊರಟೆ.

ಇಲ್ಲ. ಆ ವಾಕ್ಯವನ್ನು ಹೊಡೆದುಹಾಕಬೇಕು. ಹಾಗೆ ಬರೆದಿದ್ದು ಇದು ಮೂರನೆಯ ಸಲ. ಬೆಟ್ಟಕ್ಕೆ ಹೋಗುತ್ತೇನೆಂದು ಬೆಳಿಗ್ಗೆಯೇ ಹೇಳಿದ್ದೆ. ಪೆಟ್ಟಿಗೆಯ ವಿಷಯ ಹೇಳಲಿಲ್ಲ. ಅವಳು ಪಕ್ಕದ ಮನೆಯ ನಾರಾಯಣಮ್ಮನ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅದನ್ನು ದುಪ್ಪಟಿಯಲ್ಲಿ ಸುತ್ತಿ, ಹಿತ್ತಿಲ ಬಾಗಿಲಿನಿಂದ ಸಾಗಿಸಿದೆ. ಸ್ವಂತ ವಸ್ತುವನ್ನು ಸ್ವಂತ ಮನೆಯಿಂದ ಕದಿಯುವುದಕ್ಕೂ ಒಂದು ನಾಜೂಕು ಬೇಕು.

ಬೆಟ್ಟದ ಮೇಲೆ ಪೆಟ್ಟಿಗೆ ಮಿಂಚಿತು. ಬಣ್ಣದ ದೀಪದ ಸರ, ಹಾಡಿನ ಡಬ್ಬಿ, ನಂಜುಂಡಪ್ಪ ತಂದ ಎಲೆಕ್ಟ್ರಿಕ್ ಕೆಟಲ್, ಎಲ್ಲವನ್ನೂ ಸರದಿಯಂತೆ ಅದಕ್ಕೆ ಸಿಕ್ಕಿಸಿದೆವು. ನೀರು ಕಾಯಿಸುವ ಕೆಲಸದಷ್ಟು ಬ್ಯಾಟರಿ ತಿನ್ನುವುದು ಬೇರೊಂದಿಲ್ಲ. ಒಂದೊಂದು ಕೆಟಲ್ಲಿಗೂ ಪರದೆಯ ಅಂಕಿ ಕೆಳಗಿಳಿಯುತ್ತಿತ್ತು. ನಂಜುಂಡಪ್ಪ ನನ್ನನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ನಿಲ್ಲಿಸಿ ಫೋಟೋ ಹೊಡೆದರು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಸರಸಳ ಫೋನ್ ಬಂತು.

"ಕರೆಂಟ್... ಹೋಗಿದೆ," ಎಂದಳು. ಒಂದೊಂದು ಪದದ ನಡುವೆಯೂ ಶಿಳ್ಳೆಯಂಥ ಸದ್ದು. "ಪೆಟ್ಟಿಗೆ... ಎಲ್ಲಿ?"

ನಾನು ಹೇಳಿದೆ: "ರಿಪೇರಿಗೆ ಕೊಟ್ಟಿದೀನಿ."

"ಹೌದಾ," ಎಂದು ಇಟ್ಟುಬಿಟ್ಟಳು.

ಆಮೇಲೆ ನಾನು ಬೆಟ್ಟ ಇಳಿದು ಓಡಿದೆ ಎಂದು ಬರೆಯಲು ಕೈ ತುರಿಸುತ್ತದೆ. ಓಡಲಿಲ್ಲ. ಕೈಯಲ್ಲಿ ಬಿಸಿ ಟೀ ಲೋಟವಿತ್ತು. ಅದನ್ನು ಕುಡಿದ ನೆನಪಿಲ್ಲ, ಆದರೆ ಲೋಟ ಖಾಲಿಯಾಗಿತ್ತು. ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೂ ಮಾಡಿದೆ. ಎಷ್ಟನೆಯ ಸಲಕ್ಕೋ ನಾರಾಯಣಮ್ಮ ಎತ್ತಿದರು. ಹಿಂದೆ ವಾಲಗದ ಸದ್ದು.

"ಏಮ್ ಮೇಷ್ಟ್ರೇ, ಈಗ ನೆನಪಾಯ್ತಾ? ಛತ್ರದಲ್ಲಿದೀವಿ. ನಿಮ್ ಹೆಂಡ್ತಿ ಉಸಿರಾಡ್ತಾವ್ಳೆ. ಇಡಿ ಫೋನು, ಇಲ್ಲೇನೂ ಕೇಳಿಸಲ್ಲ."

ನಡೆದದ್ದು ಇಷ್ಟು. ನಾರಾಯಣಮ್ಮ ನೆಬ್ಯುಲೈಸರನ್ನು ಸೆರಗಿನಲ್ಲಿ ಕಟ್ಟಿಕೊಂಡು, ಸರಸಳನ್ನು ತಮ್ಮ ಮಗನ ಟೊಮೆಟೊ ಗಾಡಿಯಲ್ಲಿ ಕೂರಿಸಿ, ಹತ್ತಿರದಲ್ಲಿ ಜನರೇಟರ್ ಓಡುತ್ತಿದ್ದ ಒಂದೇ ಜಾಗಕ್ಕೆ ನುಗ್ಗಿದ್ದರು. ಯಾರದೋ ಮದುವೆಯ ರಿಸೆಪ್ಷನ್. "ಪ್ಲಗ್ ಕೊಡ್ರಪ್ಪಾ, ಅಮ್ಮಾಯಿಗೆ ಊಪಿರಿ, ಉಸಿರು ಬರ್ತಿಲ್ಲ!" ಎಂದು ಕೂಗಿದರಂತೆ. ಗಂಡಿನ ಸೋದರಮಾವ ವೇದಿಕೆಯ ದೀಪದ ಸರ ಕಿತ್ತು ಜಾಗ ಮಾಡಿಕೊಟ್ಟನಂತೆ. ಕಿತ್ತದ್ದು ದೀಪದ ಸರವಲ್ಲ, ವಿಡಿಯೋದವನ ಲೈಟು ಎಂದು ನಾರಾಯಣಮ್ಮ ಇನ್ನೊಮ್ಮೆ ಹೇಳಿದ್ದುಂಟು. ಸರಸ ಮನೆಯಲ್ಲುಟ್ಟ ಸೀರೆಯಲ್ಲೇ ಹೆಣ್ಣು ಗಂಡಿನ ಪಕ್ಕ ಕೂತು, ಮುಖಕ್ಕೆ ಮುಚ್ಚಳ ಕಟ್ಟಿಕೊಂಡು ಇಪ್ಪತ್ತು ನಿಮಿಷ ಹಬೆ ಎಳೆದುಕೊಂಡಳು. ಮುಯ್ಯಿ ಮಾಡಲು ಬಂದವರು ಅವಳಿಗೂ ಕೈಮುಗಿದು ಹೋದರು. ಎರಡು ಕಡೆಯವರೂ ಅವಳನ್ನು ಇನ್ನೊಂದು ಕಡೆಯವಳೆಂದು ತಿಳಿದರು. ಊಟ ಹಾಕದೆ ಬಿಡಲಿಲ್ಲ.

"ಬರ್ತೀನಿ, ಈಗ್ಲೇ ಹೊರಡ್ತೀನಿ" ಎಂದು ನಾನು ಬೆಟ್ಟದ ಮೇಲೆ ಚಡಪಡಿಸುತ್ತಿದ್ದೆ. "ಈಗ ಹೋಗಿ ಏನ್ಮಾಡ್ತೀರಾ ಸಾರ್? ಅವರು ಚೆನ್ನಾಗಿದಾರಲ್ಲ, ಬೆಳಿಗ್ಗೆ ಹೋಗಿ" ಎಂದರು ನಂಜುಂಡಪ್ಪ. ನನಗೆ ಬೇಕಾಗಿದ್ದುದೇ ಆ ಮಾತು. ಉಳಿದೆ. ಅವರು ನನ್ನನ್ನು ಗೆಲುವಾಗಿಸಲೆಂದು ಫೋನು ಮುಂದೆ ಹಿಡಿದರು: "ನೋಡಿ ಸಾರ್, ನಿಮ್ ಫೋಟೋ ಸ್ಟೇಟಸ್‌ಗೆ ಹಾಕಿದ್ನಲ್ಲ, ಎಷ್ಟು ಜನ ನೋಡವ್ರೆ!" ನೋಡಿದವರ ಪಟ್ಟಿಯಲ್ಲಿ ಸರಸಳ ಹೆಸರಿತ್ತು. ಎದುರಿಗೆ ನೋಡಿದ ಹೊತ್ತೂ ಇತ್ತು. ಅವಳು ನನಗೆ ಫೋನ್ ಮಾಡುವುದಕ್ಕಿಂತ ಐದು ನಿಮಿಷ ಮೊದಲು.

ಪೆಟ್ಟಿಗೆ ಎಲ್ಲಿದೆಯೆಂದು ತಿಳಿದೇ ಅವಳು ಕೇಳಿದ್ದಳು. ಇದ್ದಷ್ಟು ಉಸಿರಿನಲ್ಲಿ ಎರಡು ಪದವನ್ನು ನನಗಾಗಿ ಖರ್ಚು ಮಾಡಿದ್ದಳು.

ಮರುದಿನ ಮನೆಗೆ ಬಂದಾಗ ಮೇಜಿನ ಮೇಲೆ ತಾಂಬೂಲದ ಚೀಲ, ಒಂದು ತೆಂಗಿನಕಾಯಿ. "ಯಾರ ಮದುವೆ?" ಎಂದೆ. "ಗೊತ್ತಿಲ್ಲ," ಎಂದಳು. ನನ್ನ ಕೈಯಲ್ಲಿದ್ದ ದುಪ್ಪಟಿಯ ಗಂಟನ್ನು ನೋಡಿದಳು.

"ರಿಪೇರಿ ಆಯ್ತಾ?"

"ಆಯ್ತು."

"ಏನಾಗಿತ್ತಂತೆ?"

"ಒಳಗೊಂದು ವಯರು ಸಡಿಲ ಆಗಿತ್ತಂತೆ."

"ಪಾಪ," ಎಂದು ಕಾಫಿ ಮಾಡಲು ಒಳಗೆ ಹೋದಳು.

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಅಂದಿನಿಂದ ಪೆಟ್ಟಿಗೆ ಅವಳ ತಲೆದಿಂಬಿನ ಪಕ್ಕದಲ್ಲೇ ಇದೆ. ಯಾರಿಗೂ ಕೊಡುವುದಿಲ್ಲ, ನೂರಕ್ಕಿಂತ ಒಂದು ಕಡಿಮೆಯಾಗಲು ಬಿಡುವುದಿಲ್ಲ. ಕರೆಂಟು ಹೋದಾಗ ಅವಳಿಗೆ ಎದೆ ಕಟ್ಟಿದರೆ ನೆಬ್ಯುಲೈಸರನ್ನು ಎತ್ತಿಕೊಂಡು, ಪೆಟ್ಟಿಗೆಯನ್ನು ದಾಟಿ, ನಾರಾಯಣಮ್ಮನ ಮನೆಗೆ ನಡೆಯುತ್ತಾಳೆ. ಆ ರಾತ್ರಿಯ ನಂತರ ಅವರು ಎಲ್ಲಿಂದಲೋ ಒಂದು ಹಳೇ ಇನ್ವರ್ಟರ್ ತಂದು ಟ್ರ್ಯಾಕ್ಟರಿನ ಬ್ಯಾಟರಿಗೆ ಜೋಡಿಸಿಟ್ಟಿದ್ದಾರೆ. ದುಂಬಿಯಂತೆ ಗುಂಯ್‌ಗುಡುತ್ತದೆ. ಮನೆಯಲ್ಲೇ ಅಷ್ಟು ಚೆಂದದ್ದಿದೆಯಲ್ಲಾ ಎಂದು ಬೀದಿಯವರು ಕೇಳಿದರೆ ಸರಸ ಮೆಲ್ಲಗೆ ಹೇಳುವುದನ್ನು ಗೋಡೆಯಾಚೆಯಿಂದ ಕೇಳಿದ್ದೇನೆ. "ಅದು ರಿಪೇರಿ ಮಾಡ್ಸಿದ್ದು ಕಣಕ್ಕ. ಉಸಿರಿನ ವಿಷ್ಯ, ನಂಬೋಕಾಗಲ್ಲ."

ಅದು ಎಂದೂ ಕೆಟ್ಟಿರಲಿಲ್ಲ ಎಂದು ತೋರಿಸಿಕೊಡುವುದು ಬಲು ಸುಲಭ, ಅವಳ ಎದುರು ನಿಂತು ಒಂದು ವಾಕ್ಯ ಹೇಳಿದರೆ ಸಾಕು. ಅದನ್ನು ಹೇಳಲಾರದೆ, ಮುಖ ಕಂಡಿರದ ನಿಮಗೆ ಇಷ್ಟೊಂದು ವಾಕ್ಯ ಬರೆದಿದ್ದೇನೆ.