ಮದುವೆ ಎಷ್ಟು ನಿಮಿಷಕ್ಕೆ ಬಂತು?

ಕಿತ್ತೂರಿನಿಂದ ರಾಮದುರ್ಗದವರೆಗೆ ನಮ್ಮ ಅಕ್ಕನ ಮದುವೆ ನಡೆಯದ ಕಚೇರಿಯೇ ಇಲ್ಲ ಎಂದರೆ ನಂಬುತ್ತೀರಾ? ನಡೆಸಿದವರು ಸಂಪಗಾಂವದ ನಮ್ಮ ಸೋದರಮಾವ!

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಈ ಊರುಗಳ ಸಂಘ, ಸೊಸೈಟಿಗಳಿಗೆ ಹೊಸ ಸರ್ವರುಗಳು ಬಂದವು. ಅವುಗಳ ಹೊಟ್ಟೆಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಫೈಲು ಸಾಗಿಸುವ ನೆಟ್‌ವರ್ಕ್ ಕಾರ್ಡು. ಕೂರಿಸಿದ ಮರುದಿನವೇ ‘ಭಾಳ ಸ್ಲೋ ಐತ್ರಿ’ ಎಂದು ಕಂಪ್ಯೂಟರ್ ರಿಪೇರಿ ಮಾಡುವ ಮಾವನಿಗೆ ಫೋನು.

ವೇಗ ಅಳೆಯಲು ದೊಡ್ಡ ಫೈಲೊಂದು ಬೇಕಲ್ಲ? ಮಾವನ ಬಳಿ ಇದ್ದದ್ದು ತೊಂಬತ್ತರ ದಶಕದಲ್ಲಿ ನಡೆದ ಅಕ್ಕನ ಮದುವೆಯ ವಿಡಿಯೊ, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದು. ಅದನ್ನು ಸರ್ವರಿನಿಂದ ಇನ್ನೊಂದು ಕಂಪ್ಯೂಟರಿಗೆ ಕಳಿಸಿ ಕೈಗಡಿಯಾರ ನೋಡುತ್ತ ಕೂರುವರು. ಅರ್ಧ ನಿಮಿಷಕ್ಕೆ ಬಂದರೆ ಎಲ್ಲ ಸರಿ. ಐದು ನಿಮಿಷ ಹಿಡಿದರೆ ಎಲ್ಲೋ ರೋಗವಿದೆ. ಅದು ಸಿಗುವವರೆಗೆ ಮಾವ ಚಹಾ ಮುಟ್ಟುವವರಲ್ಲ.

ಕಿತ್ತೂರಿನ ಸೊಸೈಟಿಯವರು ಎರಡು ಸಲ ಕಾರ್ಡು ಬದಲಿಸಿ ಸೋತಿದ್ದರು. ಮಾವ ಕಾರ್ಡಿನತ್ತ ನೋಡಲೇ ಇಲ್ಲ. ನೆಲದ ಮೇಲೆ ತೆವಳುತ್ತ, ವಯರಿನುದ್ದಕ್ಕೂ ಕೈಯಾಡಿಸುತ್ತ ಮ್ಯಾನೇಜರರ ಕುರ್ಚಿಯ ಬಳಿ ನಿಂತರು.

“ಸಾಹೇಬ್ರ, ಸ್ವಲ್ಪ ಏಳ್ರಿ.”

“ಯಾಕ್ರಿ?”

“ನೆಟ್‌ವರ್ಕಿನ ಮ್ಯಾಲ ಕುಂತೀರಿ.”

ಕುರ್ಚಿಯ ಕಾಲಡಿ ಸಿಕ್ಕು, ವಯರಿನೊಳಗಿನ ಎಂಟು ಎಳೆಗಳಲ್ಲಿ ಒಂದು ತುಂಡಾಗಿತ್ತು. ಒಂದೇ ಎಳೆ ಹೋದರೂ ಸಾಕು, ಎಂಥ ಶೂರ ಕಾರ್ಡಾದರೂ ಕುಂಟುತ್ತದೆ. ಆ ವಯರನ್ನು ಮಾವ ಎಸೆಯಲಿಲ್ಲ, ಗುರುತಿಗೆ ಇರಲಿ ಎಂದು ಚೀಲಕ್ಕೆ ಹಾಕಿಕೊಂಡರು.

ಸವದತ್ತಿಯವರು ಹೊಸ ಸರ್ವರಿಗೆ ಪೂಜೆ ಮಾಡಿ, ಜೋಪಾನವಾಗಿ ಎತ್ತಿಟ್ಟಿದ್ದ ಹಳೆಯ ವಯರನ್ನೇ ಜೋಡಿಸಿದ್ದರು.

“ಇನ್ನೂ ಚಲೋ ಐತಲ್ರಿ, ಯಾಕ ಒಗೀಬೇಕು?” ಎಂದರು ಗುಮಾಸ್ತರು.

“ಹೊಸ ಅಳಿಯಗ ಬೀಗರ ಹಳೇ ಚಪ್ಪಲಿ ಹಾಕಿ, ಓಡು ಅಂದ್ರ ಹ್ಯಾಂಗ ಓಡತಾನ್ರಿ?” ಎಂದರು ಮಾವ.

ಕೆಲಸ ಮುಗಿದ ಕೂಡಲೇ ಮದುವೆಯನ್ನು ಎರಡೂ ಕಡೆ ಅಳಿಸುವುದು ಅವರ ನೇಮ. “ಮಂದಿ ಮನ್ಯಾಗ ನಮ್ಮ ಸಾಮಾನ ಬಿಡಬಾರದು,” ಎನ್ನುತ್ತಿದ್ದರು. ನಾನು ದುಡಿಯುವ ಬೈಲಹೊಂಗಲದ ಹತ್ತಿ ವ್ಯಾಪಾರಿಗಳ ಕಚೇರಿಗೂ ಬಂದಿದ್ದರು. ಅಂದು ಬಸ್ಸಿನ ಹೊತ್ತಾಯಿತೆಂದು ಅಳಿಸುವ ಕೆಲಸ ನನಗೆ ಒಪ್ಪಿಸಿ ಹೋದರು.

ಮಾವನ ಹೆಂಡತಿ, ನಮ್ಮ ಅತ್ತೆ, ತೀರಿಕೊಂಡ ವರ್ಷವೇ ಮಾವನ ಕಂಪ್ಯೂಟರಿನ ಡಿಸ್ಕು ಕೆಟ್ಟಿತು. ಕ್ಯಾಸೆಟ್ಟಿಗೆ ಎಂದೋ ಬೂಷ್ಟು ಹಿಡಿದಿತ್ತು. ಆ ವಿಡಿಯೊದಲ್ಲಿ ಅತ್ತೆ ಲಾಡುವಿನ ಬುಟ್ಟಿ ಹಿಡಿದು ಬರುತ್ತಾಳೆ. “ನನ್ನ ಯಾಕ ತಗೀತೀಯೋ, ಮದುಮಗಳ್ನ ತಗಿ,” ಎಂದು ಕ್ಯಾಮರಾದವನನ್ನು ಗದರಿಸುತ್ತಾಳೆ. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಮಾವ ಯಾರಿಗೂ ಹೇಳದೆ ಊರೂರು ಅಲೆದು ಒಂದೊಂದೇ ಸರ್ವರ್ ಹುಡುಕಿದರು. ಎಲ್ಲಿಂದ ಸಿಗಬೇಕು? ತಾವೇ ಕೈಯಾರೆ ಅಳಿಸಿದ್ದರಲ್ಲ! ಕಡೆಗೆ ನಮ್ಮ ಕಚೇರಿಗೆ ಬಂದು, ಡಿಸ್ಕಿನ ಕತೆ ಹೇಳಿ, ತಲೆ ತಗ್ಗಿಸಿ ಕೇಳಿದರು.

“ಅವತ್ತು ಮದುವಿ ಅಳಿಸಿದ್ಯಾ, ಯವ್ವಾ?”

“ಇಲ್ಲ ಮಾವಾ. ಅದ್ರಾಗ ಅತ್ತಿ ಅದಾಳಲ್ರಿ. ನನಗ ಮನಸ್ಸಾಗಲಿಲ್ಲ.”

ಮಾವ ತಂದಿದ್ದ ಲ್ಯಾಪ್‌ಟಾಪಿಗೆ ಫೈಲು ಕಳಿಸಲು ಹೊರಟೆ. ಅವರೇ ಸರಿಮಾಡಿಕೊಟ್ಟ ನೆಟ್‌ವರ್ಕು, ಅರ್ಧ ನಿಮಿಷದ ಕೆಲಸ. ಮಾವ ನನ್ನನ್ನು ತಡೆದು, ಒಳ್ಳೆಯ ವಯರು ಕಿತ್ತು, ಚೀಲದಿಂದ ಕಿತ್ತೂರಿನ ಆ ಮುರುಕು ವಯರು ತೆಗೆದು ಜೋಡಿಸಿದರು.

“ಇದ್ರಾಗ ಭಾಳ ತಡಾ ಆಗತೈತಲ್ರಿ, ಮಾವಾ?”

“ಆಗ್ಲಿ ಬಿಡ ಯವ್ವಾ. ಸಾವಕಾಶ ಬರ್ಲಿ ಆಕಿ.”

ನನಗೆ ಅಳು ತಡೆಯಲಾಗಲಿಲ್ಲ. ಮಾವ ಕೈಗಡಿಯಾರ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು, ಪರದೆಯ ಮುಂದೆ ಕೂತರು.